ಗಾಡಿ ಓಣಿಗೆ ಬೀಗರು ಬಂದ ವರ್ಷ

ಹೋದ ತಿಂಗಳು ತರಬೇತಿಯೊಂದಕ್ಕೆಂದು ಚನ್ನಗಿರಿಗೆ ಹೋಗಿದ್ದೆ. ಬಸ್ಸಿನಿಂದ ಇಳಿದು ಸೆರಗು ಸರಿ ಮಾಡಿಕೊಳ್ಳುತ್ತಿದ್ದಾಗಲೇ ಎಲ್ಲಿಂದಲೋ ಅಡಿಕೆ ಬೇಯುವ ಒಗರು ವಾಸನೆ ಬಂತು. ತರಬೇತಿ ಶುರುವಾಗಲು ಇನ್ನೂ ಹೊತ್ತಿತ್ತು. ನಾನು ಹೇಳದಿದ್ದರೂ ಕಾಲು ಗಾಡಿ ಓಣಿಯ ಕಡೆ ತಿರುಗಿತು.

ಆ ಓಣಿಯಲ್ಲಿ ನಾನಿದ್ದದ್ದು ಒಂದೇ ವರ್ಷ. ಪಿಯು ಕಾಲೇಜಿನಲ್ಲಿ ಕನ್ನಡ ಪಾಠ ಮಾಡಲು ವರ್ಗವಾಗಿ ಬಂದವಳು ಮುಂದಿನ ವರ್ಷ ಮತ್ತೆ ವರ್ಗವಾಗಿ ಹೋದೆ. ಆದರೂ ಇಪ್ಪತ್ತು ವರ್ಷ ಬೆಳೆದ ಜಗಳೂರಿಗಿಂತ ಆ ಒಂದು ವರ್ಷದ ಕಥೆಗಳೇ ನನ್ನ ಬಾಯಲ್ಲಿ ಹೆಚ್ಚು ಎಂದು ಅಮ್ಮನಿಗೆ ಈಗಲೂ ಮುನಿಸು. ಏನು ಮಾಡಲಿ? ನಮ್ಮ ಜಗಳೂರಿನಲ್ಲಿ ಮೋಡ ಕಂಡರೆ ಜನ ಹೊರಗೆ ಬಂದು ನಿಂತು ನೋಡುತ್ತಾರೆ. ಚನ್ನಗಿರಿಯಲ್ಲಿ ಮೋಡ ಕಂಡರೆ ಒಳಗೆ ಓಡಿ ಟಾರ್ಪಾಲು ತರುತ್ತಾರೆ, ಒಣಹಾಕಿದ ಅಡಿಕೆ ನೆನೆಯಬಾರದಲ್ಲ! ಬಂದ ಮೊದಲ ವಾರದಲ್ಲೇ ನಾನೂ ಚಪ್ಪಲಿ ಇಲ್ಲದೆ ಓಡಿ, ಯಾರದೋ ಅಡಿಕೆಗೆ ಯಾರದೋ ಟಾರ್ಪಾಲು ಹೊದಿಸಿ ಬಂದಿದ್ದೆ. ಅಲ್ಲಿಗೆ ನಾನು ಆ ಓಣಿಯವಳಾದೆ.

ನನ್ನ ಬಾಡಿಗೆ ಕೋಣೆ ಶಿವಾನಂದಪ್ಪನವರ ಮಹಡಿಯ ಮೇಲಿತ್ತು. ಅವರು ಸಣ್ಣ ಮಟ್ಟದ ಅಡಿಕೆ ವ್ಯಾಪಾರಿ, ಮಾತು ಕಡಿಮೆ, ಹಣೆಯ ಮೇಲೆ ವಿಭೂತಿ ಸದಾ ಹೊಸದು. ಹೆಂಡತಿ ತೀರಿಹೋಗಿ ಬಹಳ ವರ್ಷವಾಗಿತ್ತು. ಒಬ್ಬಳೇ ಮಗಳು ವೀಣಾ, ಹೊನ್ನಾಳಿಯ ಆಸ್ಪತ್ರೆಯಲ್ಲಿ ನರ್ಸು. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಎದುರು ಮನೆ ಜಮೀಲಾಬಿಯದು. ಅವರು ಹೊಲಿಗೆಯವರು, ಓಣಿಯ ಅಷ್ಟೂ ಹೆಂಗಸರ ರವಿಕೆಯ ಅಳತೆ ಅವರ ತಲೆಯಲ್ಲೇ ಇತ್ತು. ನಾನು ದಪ್ಪಗಾದದ್ದನ್ನು ನನಗಿಂತ ಮೊದಲು ಕಂಡುಹಿಡಿದವರು ಅವರೇ. "ಮೇಡಂ, ಈ ಸಲ ತೋಳು ಸ್ವಲ್ಪ ಬಿಟ್ಟು ಹೊಲಿತೀನ್ರಿ, ಸುಮ್ನೆ ಹೇಳ್ದೆ," ಎಂದು ನಗುತ್ತಿದ್ದರು.

ಓಣಿಯ ಚರಿತ್ರೆ ಹೇಳಿದವರು ಮಲ್ಲೇಶಪ್ಪ. ಅಂಚೆ ಹಂಚಿ ನಿವೃತ್ತರಾದವರು, ಮನೆಯ ಮುಂಗೋಡೆಯ ಮೇಲೆ ಬುದ್ಧನ ದೊಡ್ಡ ಪಟ, ಅದರ ಪಕ್ಕ ಅಂಬೇಡ್ಕರರದು. ಸಂಜೆ ಮಂಡಕ್ಕಿ ಮೆಣಸಿನಕಾಯಿ ಪೊಟ್ಟಣ ಬಿಚ್ಚಿಕೊಂಡು ಕೂತರೆಂದರೆ ಪಾಠ ಶುರು.

"ಇಲ್ಲಿ ಮೊದ್ಲು ಯಾರ ಮನೇನೂ ಇರ್ಲಿಲ್ರಿ ಮೇಡಂ. ಅಡಿಕೆ ಗಾಡಿಗಳು ಬಂದು ನಿಲ್ಲೋ ಬಯಲು ಅಷ್ಟೇ. ಎತ್ತಿಗೆ ಲಾಳ ಹೊಡ್ಯಾಕೆ ಜಮೀಲಾಬಿ ಮಾವನ ಕಡೆಯವರು ಬಂದ್ರು. ತೊಗಲಿನ ಮಿಣಿ, ಬಾರುಕೋಲು ಮಾಡಾಕೆ ನಮ್ಮಜ್ಜ ಬಂದ. ಗಾಡಿಯವರಿಗೆ ಉಣ್ಣಾಕೆ ಬೇಕಲ್ಲ, ಶಿವಾನಂದಪ್ಪನ ಅಜ್ಜ ಖಾನಾವಳಿ ತೆಗೆದ. ಅಂಗಿ ಹರಿದ್ರೆ ಹೊಲಿಯಾಕೆ ಆ ಮೂಲೆ ಮನೆ ಮರಾಠರು ಬಂದ್ರು. ಅಡಿಕೆ ಸುಲಿಯಾಕೆ ತಾಂಡದಿಂದ ಬಂದ ಹೆಣ್ಮಕ್ಕಳು ಹಿಂದಿನ ಸಾಲಿನಾಗೆ ಮನೆ ಕಟ್ಟಿಕೊಂಡ್ರು. ಲಾರಿ ಬಂದು ಗಾಡಿ ಹೋದ್ವು. ಜನ ಎಲ್ಲಿಗೆ ಹೋಗ್ಬೇಕು? ಇಲ್ಲೇ ಉಳಿದ್ರು."

ಹೀಗೆ ಒಂದು ಎತ್ತಿನ ಗಾಡಿಗೆ ಏನೇನು ಬೇಕೋ ಅಷ್ಟೆಲ್ಲ ಜಾತಿ, ಧರ್ಮ, ಭಾಷೆ ಆ ಓಣಿಗೆ ಬಂದು ಕೂತಿದ್ದವು. ಬೆಳಗ್ಗೆ ಬಾಂಗು, ಅದರ ಹಿಂದೆಯೇ ಮಠದ ಮೈಕಿನ ವಚನ, ಹಿಂದಿನ ಸಾಲಿನಿಂದ ಲಂಬಾಣಿ ಹೆಂಗಸರ ಜಗಳ, ಮೂಲೆ ಮನೆಯಿಂದ ಮರಾಠಿ ಆರತಿ. ನನಗೆ ಅಲಾರಂ ಬೇಕಿರಲಿಲ್ಲ. ರಂಜಾನಿನಲ್ಲಿ ಜಮೀಲಾಬಿ ಮಾಂಸ ತಿನ್ನದ ಮನೆಗಳಿಗೆ ಶಾವಿಗೆ, ಸಕ್ಕರೆ, ದ್ರಾಕ್ಷಿ, ಗೋಡಂಬಿಯನ್ನು ಹಸಿಯಾಗಿಯೇ ಚೀಲದಲ್ಲಿ ಕೊಡುತ್ತಿದ್ದರು; ಅವರವರ ಒಲೆಯ ಮೇಲೆ ಅವರವರು ಬೇಯಿಸಿಕೊಳ್ಳಬೇಕು. ನಾಗರ ಪಂಚಮಿಗೆ ಅದೇ ಚೀಲ ಶೇಂಗಾ ಉಂಡೆ, ತಂಬಿಟ್ಟು ತುಂಬಿಕೊಂಡು ವಾಪಸಾಗುತ್ತಿತ್ತು. ಅಂಬೇಡ್ಕರ್ ಜಯಂತಿಗೆ ಮಲ್ಲೇಶಪ್ಪನವರ ಮನೆಯ ಪಾಯಸಕ್ಕೆ ಮಾತ್ರ ಎಲ್ಲರೂ ಲೋಟ ಹಿಡಿದು ತಾವೇ ಹೋಗುತ್ತಿದ್ದರು, ಅಷ್ಟು ರುಚಿ. ಎಲ್ಲರೂ ಎಲ್ಲರೊಂದಿಗೆ ಉಣ್ಣುತ್ತಿದ್ದರು ಎಂದು ನಾನು ಸುಳ್ಳು ಹೇಳುವುದಿಲ್ಲ. ಯಾರು ಯಾರ ಮನೆಯಲ್ಲಿ ಏನು ಮುಟ್ಟುತ್ತಾರೆ, ಏನು ಮುಟ್ಟುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಅದಕ್ಕೆ ತಕ್ಕಂತೆ ಪ್ರೀತಿ ದಾರಿ ಮಾಡಿಕೊಂಡಿತ್ತು.

ಇನ್ನೊಂದು ರೂಢಿಯಿತ್ತು. ಹೊಸಬರು ಯಾರೇ ಬಾಗಿಲಿಗೆ ಬಂದರೂ ಮೊದಲು ಕೂರಿಸಿ ನೀರು ಕೊಡಬೇಕು, ಯಾರು, ಎಲ್ಲಿಂದ, ಯಾಕೆ ಎಂದು ಅವರಾಗಿ ಹೇಳುವ ತನಕ ಕೇಳಬಾರದು. ಗಾಡಿ ಹೊಡೆದುಕೊಂಡು ದಣಿದು ಬಂದವನನ್ನು ಜಾತಿ ಊರು ಕೇಳಿ ನಿಲ್ಲಿಸಬಾರದೆಂದು ಹಿಂದಿನವರು ಮಾಡಿಕೊಂಡ ಪದ್ಧತಿಯಂತೆ. ನಾನು ಮನೆ ನೋಡಲು ಬಂದ ದಿನ ಶಿವಾನಂದಪ್ಪನವರು ನನಗೆ ನೀರು, ಬೆಲ್ಲ, ಟೀ, ಅವಲಕ್ಕಿ ಎಲ್ಲ ಕೊಟ್ಟು ಸುಮ್ಮನೆ ಕೂತಿದ್ದರು. ಇವರಿಗೆ ಬಾಡಿಗೆ ಕೊಡಲು ಮನಸ್ಸಿಲ್ಲವೇನೋ ಎಂದು ನಾನು ಎದ್ದು ಹೊರಟಿದ್ದೆ!

ಆ ವರ್ಷ ಮಳೆ ಹಿಂದೆ ಸರಿಯುವ ಹೊತ್ತಿಗೆ ಅಡಿಕೆ ಸುಗ್ಗಿ ಶುರುವಾಯಿತು. ಓಣಿಯ ನಡುವೆ ಹಸಿ ಅಡಿಕೆಯ ರಾಶಿ, ಸುತ್ತ ಅಡಿಕೆ ಸುಲಿಯುವ ಮೆಟ್ಟುಗತ್ತಿಯನ್ನು ಕಾಲಲ್ಲಿ ಮೆಟ್ಟಿ ಕೂತ ಹೆಂಗಸರು, ಅವರ ಬಾಯಲ್ಲಿ ಊರ ಸುದ್ದಿ. ಅವರೇ ನನಗೆ ಹೇಳಿದ್ದು: ವೀಣಾಳಿಗೆ ಹುಡುಗ ಗೊತ್ತಾಗಿದ್ದಾನೆ. ಹುಡುಗ ಅದೇ ಆಸ್ಪತ್ರೆಯ ಔಷಧಿ ವಿಭಾಗದ ಕಿರಣ. ಊರು ನ್ಯಾಮತಿ ಕಡೆಯ ಗೋವಿನಕೋವಿ. ಇಬ್ಬರೂ ಮೆಚ್ಚಿಕೊಂಡಾಗಿತ್ತು, ಜಾತಿಯೂ ಒಂದೇ ಆದ್ದರಿಂದ ಶಿವಾನಂದಪ್ಪನವರಿಗೆ ನಿದ್ದೆ ಕೆಡುವ ಕಾರಣವಿರಲಿಲ್ಲ. ಆದರೂ ಕೆಟ್ಟಿತು. ಕಿರಣನ ಮನೆತನದಲ್ಲಿ ಮೊದಲು ಹಿರಿಯರು ಬಂದು ಹುಡುಗಿಯನ್ನು ನೋಡಬೇಕು, ಅವರು ಒಪ್ಪಿದರೆ ಮಾತ್ರ ಹುಡುಗ ಬರುವುದು. ಹಿರಿಯರು ಎಂದರೆ ಕಿರಣನ ಅಜ್ಜಿ ಬಸಮ್ಮ. ಲಿಂಗಪೂಜೆ ಆಗದೆ ಹನಿ ನೀರು ಮುಟ್ಟುವುದಿಲ್ಲ, ಪಂಚಾಂಗ ನೋಡದೆ ಹೊಸ್ತಿಲು ದಾಟುವುದಿಲ್ಲ ಎಂದು ಖ್ಯಾತಿ. ಅಜ್ಜಿ ಬೇಡವೆಂದರೆ ಕಿರಣ ಎದುರು ಮಾತಾಡುವವನಲ್ಲ ಎಂದು ವೀಣಾಳೇ ನನ್ನ ಹತ್ತಿರ ಕಣ್ಣು ತುಂಬಿಕೊಂಡು ಹೇಳಿದ್ದಳು.

ಹೊನ್ನಾಳಿಯಿಂದ ಶಿವಾನಂದಪ್ಪನವರ ಅಕ್ಕ ಗಂಗಮ್ಮ ಬಂದಿಳಿದರು. ಬಂದವರೇ ಕಿಟಕಿಯಿಂದ ಓಣಿಯನ್ನು ನೋಡಿ ಹುಬ್ಬು ಗಂಟಿಕ್ಕಿದರು. "ಶಿವಾ, ಬರೋರು ಆಚಾರದ ಮಂದಿ. ಈ ಓಣಿ ನೋಡಿದ್ರೆ ಅರ್ಧ ದಾರೀಲೇ ವಾಪಸ್ ಹೋಗ್ತಾರೆ. ಒಂದು ದಿನ ಎಲ್ಲಾರ್ನೂ ಒಳಗಿರಾಕೆ ಹೇಳು."

ಶಿವಾನಂದಪ್ಪನವರು ಹೇಳಿಯೇಬಿಟ್ಟರು. ಮನೆಮನೆಗೆ ಹೋಗಿ, ಕೈ ಹಿಸುಕಿಕೊಂಡು, ಶುಕ್ರವಾರ ಒಂದು ದಿನ ಓಣಿ ಸ್ವಲ್ಪ ಖಾಲಿ ಇರಲಿ ಎಂದು ಕೇಳಿಕೊಂಡರು. ಅಡಿಕೆ ಸುಲಿಯುವವರು ರಾಶಿಯನ್ನು ಹಿಂದಿನ ಸಾಲಿಗೆ ಸಾಗಿಸಿದರು. ಮಲ್ಲೇಶಪ್ಪ, "ಆತು ಬಿಡ್ರಿ, ನಾನು ಉಬ್ರಾಣಿಗೆ ಮಗಳ ಮನೆಗೆ ಹೋಗಿ ಬರ್ತೀನಿ, ಕೋಳಿ ಆದ್ರೂ ಸಿಗ್ತೈತೆ," ಎಂದು ನಕ್ಕು ಬಿಟ್ಟರು. ಕೊನೆಗೆ ಜಮೀಲಾಬಿಯ ಕಟ್ಟೆ. ನಾನು ಮಹಡಿಯಿಂದ ನೋಡುತ್ತಿದ್ದೆ.

"ಜಮೀಲಕ್ಕ, ತಪ್ಪು ತಿಳ್ಕೋಬ್ಯಾಡ್ರಿ. ಅವತ್ತು ಅವರು ಹೋಗೋ ತನಕ ನೀವು ನಮ್ಮನೆ ಕಡೆ ಬರ್ದಿದ್ರೆ..."

ಜಮೀಲಾಬಿ ಹೊಲಿಗೆ ಯಂತ್ರದಿಂದ ತಲೆ ಎತ್ತದೆ, "ಆತು ಶಿವಣ್ಣ," ಎಂದರು. ಅಷ್ಟೇ. ತಾಯಿ ಸತ್ತಾಗ ಮೂರನೇ ಕ್ಲಾಸಿನಲ್ಲಿದ್ದ ವೀಣಾಳಿಗೆ ಜಡೆ ಹಾಕಿ ಶಾಲೆಗೆ ಕಳಿಸಿದ ಕೈ ಅದು. ಮೊದಲ ಸಲ ಮುಟ್ಟಾದಾಗ ಅವಳು ಓಡಿಹೋದದ್ದು ಆ ಮನೆಗೆ. ನನಗೆ ಶಿವಾನಂದಪ್ಪನವರ ಮೇಲೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಇನ್ನೂ ತಮಾಷೆಯೆಂದರೆ, ಹಾಗೆ ಹೇಳಿದ ಮನುಷ್ಯ ಅಲ್ಲೇ ಆ ಕಟ್ಟೆಯ ಮೇಲೆ ಕೂತು ಗೋವಿನಕೋವಿಯವರಿಗೆ ಫೋನು ಹಚ್ಚಿದರು. ಯಾಕೆಂದರೆ ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುತ್ತಿರಲಿಲ್ಲ. ಫೋನಿನ ಕೆಲಸವೇನಿದ್ದರೂ ಜಮೀಲಾಬಿಯ ಕಟ್ಟೆಯೇ ಗತಿ. "ರಾಹುಕಾಲ ಕಳದು ಹನ್ನೆರಡರ ಮ್ಯಾಲೆ ಬರ್ರಿ. ದಾರಿ ಕೇಳಬ್ಯಾಡ್ರಿ, ಲೊಕೇಷನ್ ಕಳಿಸ್ತೀನಿ," ಎಂದು ಅಲ್ಲಿಂದಲೇ ಕಳಿಸಿದರು.

ಶುಕ್ರವಾರ ನಾನು ಹೊಟ್ಟೆನೋವಿನ ರಜೆ ಹಾಕಿದೆ. ಇಂಥ ದಿನ ಕಾಲೇಜಿನಲ್ಲಿ ಕೂತರೆ ನಿಜವಾಗಿ ಹೊಟ್ಟೆನೋವು ಬರುತ್ತಿತ್ತು. ಬೆಳಗ್ಗೆ ವೀಣಾ ಸೀರೆಯನ್ನು ಕಂಕುಳಲ್ಲಿ ಅವುಚಿಕೊಂಡು ನನ್ನ ಕೋಣೆಗೆ ಬಂದಳು. ಮುಖ ಊದಿತ್ತು. "ಬನ್ನಿ ಮೇಡಂ. ಜಮೀಲಾ ಚಾಚಿ ನಮ್ಮನೆಗೆ ಬರಬಾರದು ಅಂತ ತಾನೇ ಅಪ್ಪ ಹೇಳಿದ್ದು? ನಾನು ಅವರ ಮನೆಗೆ ಹೋಗಬಾರದು ಅಂತ ಹೇಳಿಲ್ಲವಲ್ಲ." ಗಂಗಮ್ಮ ಅಡುಗೆ ಮನೆಯಲ್ಲಿ ಕೇಸರಿಬಾತಿನ ಜೊತೆ ಹೋರಾಡುತ್ತಿದ್ದರು. ನಾವಿಬ್ಬರೂ ಹಿತ್ತಿಲಿನಿಂದ ಸುತ್ತು ಹಾಕಿ ಜಮೀಲಾಬಿಯ ಒಳಕೋಣೆ ಸೇರಿದೆವು. ಜಮೀಲಾಬಿ ಅವಳನ್ನು ಕಂಡವರೇ ಅಪ್ಪಿಕೊಂಡರು, ಆಮೇಲೆ ತಲೆಗೆ ಎಣ್ಣೆ ಹಚ್ಚಿ ಹಿಕ್ಕಲು ಕೂತರು. ನಾನು ಪಿನ್ನು ಬಾಯಲ್ಲಿ ಕಚ್ಚಿಕೊಂಡು ನಿಂತಿದ್ದೆ.

ಅರ್ಧ ಜಡೆ ಆಗಿತ್ತು. ಹೊರಗೆ ಕಾರು ನಿಂತ ಸದ್ದು. ಒಬ್ಬ ಮುದುಕಿ, ಅವರ ಹಿಂದೆ ಐವತ್ತರ ಆಸುಪಾಸಿನ ಒಬ್ಬ ಗಂಡಸು ಒಳಗೆ ಬಂದರು. ಜಮೀಲಾಬಿಯ ಯಜಮಾನರು ಶುಕ್ರವಾರದ ನಮಾಜಿಗೆ ಚಾಪೆ ಹಾಸಲು ಬೇಗನೇ ಮಸೀದಿಗೆ ಹೊರಡುವ ತಯಾರಿಯಲ್ಲಿ ಅತ್ತರು ಹಚ್ಚಿಕೊಳ್ಳುತ್ತಿದ್ದವರು, "ಬರ್ರಿ ಬರ್ರಿ, ಕೂತ್ಕೊಳ್ರಿ," ಎಂದು ಕುರ್ಚಿ ಹಾಕಿ, ಮಳೆ ಹೆಂಗೆ, ಅಡಿಕೆ ಹೆಂಗೆ ಎಂದು ಮಾತಿಗಿಳಿದರು. ಹೊಲಿಗೆಗೆ ಬಂದವರೆಂದು ನಾವೆಲ್ಲ ಅಂದುಕೊಂಡೆವು. ಜಮೀಲಾಬಿಯ ಕೈಯೆಲ್ಲ ಎಣ್ಣೆ. "ಬೇಟಿ, ನೀರು ಕೊಡು," ಎಂದರು. ವೀಣಾ ಹಳೆ ನೈಟಿಯ ಮೇಲೊಂದು ಟವೆಲು ಹೊದ್ದು, ಒಂದು ಕಡೆ ಜಡೆ ಒಂದು ಕಡೆ ಜಟೆಯಾಗಿ, ತಟ್ಟೆಯಲ್ಲಿ ನೀರು ಬೆಲ್ಲ ಇಟ್ಟುಕೊಂಡು ಹೋದಳು. ಹಿಂದೆಯೇ ಟೀ.

ಮುದುಕಿ ಅವಳನ್ನು ಬಿಡಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಮಾತು ಶುರು ಮಾಡಿದರು. ಪರದೆಯ ಈಚೆಯಿಂದ ನನಗೆಲ್ಲ ಕಾಣುತ್ತಿತ್ತು, ಕೇಳುತ್ತಿತ್ತು.

"ಏನು ಕೆಲಸ ಮಾಡ್ತೀಯವ್ವಾ?"

"ನರ್ಸು ಅಜ್ಜಿ. ನಿಮ್ಮ ಕಾಲು ಯಾಕೆ ಇಷ್ಟು ಬಾತೈತೆ? ಬಿ.ಪಿ. ಮಾತ್ರೆ ತಗೊಂತೀರಾ?"

"ಒಂದಿನ ತಗೊಂತೀನಿ, ಒಂದಿನ ಮರೀತೀನಿ."

"ಮರೆತ್ರೆ ಹೆಂಗೆ? ಊಟ ಮರೀತೀರೇನು? ದಿನಾ ತಗೊಳ್ರಿ, ಉಪ್ಪಿನಕಾಯಿ ಬಿಡ್ರಿ."

"ಉಪ್ಪಿನಕಾಯಿ ಬಿಟ್ರೆ ಉಣ್ಣೋದೇನು? ಇರ್ಲಿ, ನಿಂಗೆ ರೊಟ್ಟಿ ತಟ್ಟಾಕೆ ಬರ್ತೈತೇನು?"

"ಇಲ್ಲಜ್ಜಿ. ಚಾಚಿ ತಟ್ಟಿದ್ದು ತಿನ್ನಾಕೆ ಬರ್ತೈತೆ."

ಮುದುಕಿ ಗಹಗಹಿಸಿ ನಕ್ಕರು. ಯಜಮಾನರು ಟೋಪಿ ಹಾಕಿಕೊಂಡು ಮಸೀದಿಗೆ ಹೊರಟರು. ಜೊತೆಯಲ್ಲಿ ಬಂದಿದ್ದ ಗಂಡಸು ಮಾತ್ರ ಗೋಡೆಯ ಮೇಲಿದ್ದ ಕಾಬಾದ ಚಿತ್ರ ನೋಡುವುದು, ತನ್ನ ಫೋನು ನೋಡುವುದು, ಮತ್ತೆ ಚಿತ್ರ ನೋಡುವುದು ಮಾಡುತ್ತಿದ್ದ. ಬಾಯಿ ತೆರೆಯಲು ಧೈರ್ಯ ಬರುತ್ತಿರಲಿಲ್ಲವೆಂದು ಕಾಣುತ್ತದೆ. ಅಷ್ಟರಲ್ಲಿ ಆ ಫೋನು ಹೊಡೆದುಕೊಂಡಿತು. ಶಿವಾನಂದಪ್ಪನವರ ದನಿ ಫೋನಿನಿಂದಲೂ ಕೇಳಿತು, ಹೊರಗಿನ ಕಟ್ಟೆಯಿಂದಲೂ ಕೇಳಿತು.

"ಎಲ್ಲಿಗೆ ಬಂದ್ರಿ ಯಜಮಾನ್ರೇ?"

"ಒಳಗೇ ಕೂತೇವಲ್ರಿ. ಚಾನೂ ಆತು."

"ಯಾರ ಒಳಗೆ?"

ಕಟ್ಟೆಯ ಮೇಲೆ ಫೋನು ಹಿಡಿದ ಶಿವಾನಂದಪ್ಪ ನಿಧಾನಕ್ಕೆ ತಿರುಗಿ ಬಾಗಿಲಿನೊಳಗೆ ಇಣುಕಿದರು. ಒಳಗೆ ಬೀಗರು, ಬೀಗರ ಪಕ್ಕ ನೈಟಿ ತೊಟ್ಟ ಮಗಳು. ವೀಣಾ ಅಪ್ಪನನ್ನು ನೋಡಿದಳು, ಅಜ್ಜಿಯನ್ನು ನೋಡಿದಳು, ಟವೆಲಿನಿಂದ ಮುಖ ಮುಚ್ಚಿಕೊಂಡು ಒಳಗೆ ಓಡಿ ಬಂದು ನನ್ನ ಮೇಲೆ ಬಿದ್ದಳು. "ಮೇಡಂ, ಮುಗೀತು. ರೊಟ್ಟಿ ಬರಲ್ಲ ಅಂದುಬಿಟ್ಟೆ!" ನನಗೆ ನಗು ತಡೆಯಲಾಗದೆ, ಅಳುವವಳ ಮುಂದೆ ನಗಲೂ ಆಗದೆ ಬಾಯಲ್ಲಿದ್ದ ಪಿನ್ನು ನುಂಗುವುದೊಂದು ಬಾಕಿ. ಜಮೀಲಾಬಿಯ ಮುಖ ಮಾತ್ರ ಬಿಳಿಚಿಕೊಂಡಿತ್ತು. ಬರಬೇಡ ಎಂದವರ ಮಾತು ಮೀರಿದ ಅಪವಾದ ತನ್ನ ತಲೆಗೆ ಬಂತಲ್ಲ ಎಂದು ಅವರು ಪರದೆ ಹಿಡಿದು ನಿಂತೇಬಿಟ್ಟರು.

ಗಂಗಮ್ಮನೂ ಓಡಿ ಬಂದರು. "ಅಯ್ಯಯ್ಯೋ ಶಿವನೇ, ಚಾ ಬೇರೆ ಕುಡಿಸಿದ್ರಾ?" ಶಿವಾನಂದಪ್ಪ ಹೊಸ್ತಿಲ ಹೊರಗೇ ನಿಂತು ಕೈ ಮುಗಿದರು. "ತಪ್ಪಾತು ತಾಯಿ. ಈ ಕಟ್ಟೆ ಮ್ಯಾಲಿಂದ ಕಳಿಸಿದ್ದಕ್ಕೆ ಲೊಕೇಷನ್ ತಪ್ಪೈತೆ. ನಮ್ಮನೆ ಎದುರಿಗೈತೆ, ದಯವಿಟ್ಟು ಅಲ್ಲಿಗೆ ಬರ್ರಿ."

"ಈಗ ಹೆಂಗೆ ಬರಾಕೆ ಆಗ್ತೈತೆ?" ಎಂದರು ಬಸಮ್ಮಜ್ಜಿ. "ರಾಹುಕಾಲ ಬರೋದ್ರೊಳಗೆ ಹುಡುಗಿ ಇದ್ದಲ್ಲಿ ಕಾಲಿಡಬೇಕು ಅಂತ ನನ್ನ ಮಗನ್ನ ಹೊಡ್ಕೊಂಡು ಮುಂಚೆ ಬಂದೀನಿ. ಈಗ ರಾಹುಕಾಲ ಶುರುವಾಗೈತೆ. ಹೊಸ ಹೊಸ್ತಿಲು ತುಳಿಯಾಕಿ ನಾನಲ್ಲ."

"ಆದ್ರೆ ತಾಯಿ, ಇದು..."

"ನನ್ನ ಕಣ್ಣು ಮಂಜಾಗೈತೆ, ಮೂಗು ಆಗಿಲ್ಲ. ಅತ್ತರಿನ ವಾಸನೆ ಬಂದಾಗ್ಲೇ ಗೊತ್ತಾತು. ಫೋಟೋದಾಗಿದ್ದ ಹುಡುಗಿ ಕೈಯಾಗೆ ನೀರು ತಂದ್ಲು, ಕುಡಿದೆ. ಈಗೇನು ವಾಪಸ್ ಹಾಕ್ಲೇನು? ಬೆಳಿಗ್ಗೆ ಪೂಜೆ ಮಾಡಿ ಬಂದೀನಿ, ಸಂಜೆ ಮತ್ತೆ ಮಾಡ್ತೀನಿ. ನಡೀರಿ, ಶಾಸ್ತ್ರ ಇಲ್ಲೇ ಆಗ್ಲಿ."

ಪಂಚಾಂಗದ ಮಾತಿಗೆ ಗಂಗಮ್ಮನೂ ಎದುರಾಡಲಾರದೆ ಹೋದರು. ಎದುರು ಮನೆಯಿಂದ ಕೇಸರಿಬಾತು, ಅವಲಕ್ಕಿ, ಹೂವು, ಹಣ್ಣು ಓಣಿ ದಾಟಿ ಬಂದವು. ಸುದ್ದಿ ತಿಳಿದು ಹಿಂದಿನ ಸಾಲಿನಿಂದ ಅಡಿಕೆ ಸುಲಿಯುವವರೂ ಬಂದು ಕಿಟಕಿ ಹಿಡಿದರು. ಒಳಕೋಣೆಯಲ್ಲಿ ಜಮೀಲಾಬಿ ಜಡೆ ಮುಗಿಸಿ, ನೆರಿಗೆ ಹಿಡಿದು ಸೀರೆ ಉಡಿಸಿದರು. ವೀಣಾ ಹೊರಗೆ ಹೋಗಿ ನಮಸ್ಕಾರ ಮಾಡಿ ಚಾಪೆಯ ಮೇಲೆ ಕೂತಳು. ಶಿವಾನಂದಪ್ಪ ಗೋಡೆಗೆ ಆತು ಕೂತಿದ್ದರು, ಬೆವರು ಒರೆಸಿಕೊಳ್ಳುತ್ತಾ. ಜಮೀಲಾಬಿ ತಮ್ಮದೇ ಮನೆಯಲ್ಲಿ ಪರದೆಯ ಹಿಂದೆ ನಿಂತಿದ್ದರು. ನನಗೆ ಅದನ್ನು ನೋಡಲಾಗಲಿಲ್ಲ.

ಅಜ್ಜಿ ವೀಣಾಳನ್ನು ಮತ್ತೇನೂ ಕೇಳಲಿಲ್ಲ. ಕೇಳುವುದೆಲ್ಲ ಆಗಿತ್ತಲ್ಲ. ಸುತ್ತ ನೋಡಿ, "ನಮ್ಮಲ್ಲಿ ಮೊದ್ಲು ಹೆಂಗಸರು ಹೆಂಗಸರು ಮಾತಾಡ್ಬೇಕು. ಹುಡುಗಿ ಕಡೆ ಮಾತಾಡೋರು ಯಾರ್ರೀ?" ಎಂದರು.

ಗಂಗಮ್ಮ ಗಂಟಲು ಸರಿಮಾಡಿಕೊಂಡು ಮುಂದೆ ಸರಿದರು. ಅದಕ್ಕೇ ಅವರನ್ನು ಹೊನ್ನಾಳಿಯಿಂದ ಕರೆಸಿದ್ದು. ಶಿವಾನಂದಪ್ಪ ಅಕ್ಕನ ಕಡೆ ನೋಡಿದರು, ಪರದೆಯ ಕಡೆ ನೋಡಿದರು. ಆಮೇಲೆ ಎದ್ದು ನಿಂತರು.

"ಅಕ್ಕಾ, ನೀನು ಸ್ವಲ್ಪ ಸುಮ್ನಿರು." "ಜಮೀಲಕ್ಕ, ಹೊರಗೆ ಬರ್ರಿ. ನನ್ನ ಮಗಳ ಬಗ್ಗೆ ನಿಮಗೆ ಗೊತ್ತಿದ್ದಷ್ಟು ನನಗೂ ಗೊತ್ತಿಲ್ಲ. ಮೊನ್ನೆ ನಾನು ಆ ಮಾತು ಆಡ್ಬಾರದಿತ್ತು. ನೀವೇ ಮಾತಾಡ್ರಿ."

ದಿನವಿಡೀ ಹೊಲಿಗೆ ಯಂತ್ರದ ಜೊತೆ ಪೈಪೋಟಿಗೆ ಬಿದ್ದವರಂತೆ ಮಾತಾಡುವ ಜಮೀಲಾಬಿ ಆಗ ಮೆಲ್ಲಗೆ ಪರದೆ ಸರಿಸಿದರು. ತಲೆಯ ಮೇಲೆ ಸೆರಗು ಎಳೆದುಕೊಂಡು ಬಂದು ಅಜ್ಜಿಯ ಎದುರು ಕೂತರು. ಕಣ್ಣು ಒರೆಸಿಕೊಂಡರು. ಮಾತು ಒಮ್ಮೆ ಶುರುವಾದದ್ದೇ ಸೈ, ಯಾರೂ ನಿಲ್ಲಿಸಲಾಗಲಿಲ್ಲ.

"ಏನು ಹೇಳ್ಲಿ ಅಜ್ಜಿ? ಹುಡುಗಿಗೆ ಸಿಟ್ಟು ಜಾಸ್ತಿ. ಡ್ಯೂಟಿ ಇಲ್ದಿದ್ರೆ ಹೊತ್ತು ನೆತ್ತಿಗೆ ಬಂದ್ರೂ ಏಳೋದಿಲ್ಲ. ರೊಟ್ಟಿ ಬರಲ್ಲ ಅಂತ ಆಕೆನೇ ಹೇಳ್ಯಾಳೆ, ಸಾರೂ ಬರಲ್ಲ, ಅದನ್ನ ಹೇಳಿಲ್ಲ. ಹಲ್ಲಿ ಕಂಡ್ರೆ ಓಣಿ ಕೇಳೋ ಹಂಗೆ ಕಿರುಚ್ತಾಳೆ. ಆದ್ರೆ ನಮ್ಮ ಯಜಮಾನ್ರಿಗೆ ಎದೆ ನೋವು ಬಂದಾಗ ಕಾರು ಮಾಡ್ಕೊಂಡು ಹೋಗಿ, ಮೂರು ರಾತ್ರಿ ಪಕ್ಕದಾಗೆ ಕೂತವಳು ಇವಳೇ. ಸುಳ್ಳು ಹೇಳಾಕೆ ಬರಲ್ಲ. ಬೈದ್ರೆ ಅಳ್ತಾಳೆ, ಮುದ್ದು ಮಾಡಿದ್ರೆ ತಲೆ ಮ್ಯಾಲೆ ಕೂರ್ತಾಳೆ. ಹೆಂಗೆ ಇಟ್ಕೊಂತೀರೋ ನಿಮಗೆ ಬಿಟ್ಟಿದ್ದು."

ಗಂಗಮ್ಮ ಹಣೆ ಹಣೆ ಚಚ್ಚಿಕೊಂಡರು. ಹೆಣ್ಣು ನೋಡುವ ಶಾಸ್ತ್ರದಲ್ಲಿ ಹುಡುಗಿಯ ಕಡೆಯವರೇ ಹುಡುಗಿಯ ಹುಳುಕು ಬಿಚ್ಚಿಡುವುದನ್ನು ಅವರು ಕಂಡಿರಲಿಲ್ಲ, ನಾನೂ ಕಂಡಿರಲಿಲ್ಲ. ಬಸಮ್ಮಜ್ಜಿ ಮಾತ್ರ ಸಮಾಧಾನದಿಂದ ಕೇಳಿ, ಜಮೀಲಾಬಿಯ ಮೊಣಕಾಲ ಮೇಲೆ ಕೈ ಇಟ್ಟರು.

"ಹಿಂಗೆ ಬೈಯ್ಯೋರು ಇದ್ದ ಮನೆ ಹುಡುಗಿನೇ ನಮಗೆ ಬೇಕಿತ್ತು. ನಮಗೆ ಒಪ್ಪಿಗೆ."

ಕಿಟಕಿಯಲ್ಲಿದ್ದವರು ಓ ಎಂದು ಕೂಗಿದರು. ವೀಣಾ ತಲೆ ತಗ್ಗಿಸಿ ಅಳುತ್ತಲೂ ನಗುತ್ತಲೂ ಇದ್ದಳು. ಶಿವಾನಂದಪ್ಪ ಎಲ್ಲರಿಗೂ ಹಂಚಲು ಸಕ್ಕರೆ ತಟ್ಟೆ ಎತ್ತಿದ್ದರು, ಅಷ್ಟರಲ್ಲಿ ಜಮೀಲಾಬಿ ಸೆರಗು ಸರಿಪಡಿಸಿಕೊಂಡು ನೆಟ್ಟಗೆ ಕೂತರು.

"ನಿಮಗೆ ಒಪ್ಪಿಗೆ ಆತು ಅಜ್ಜಿ, ಭಾಳ ಸಂತೋಷ. ನಮಗಿನ್ನೂ ಆಗಿಲ್ಲ. ಹುಡುಗನ್ನ ಕಳಿಸ್ರಿ, ನೋಡಿ ಹೇಳ್ತೀನಿ."

ಅಜ್ಜಿಯ ಮಗ ಗಾಬರಿಯಿಂದ ಶಿವಾನಂದಪ್ಪನವರ ಮುಖ ನೋಡಿದ. ಶಿವಾನಂದಪ್ಪ ಸಕ್ಕರೆ ತಟ್ಟೆಯನ್ನು ನಿಧಾನವಾಗಿ ಕೆಳಗಿಟ್ಟು, ಕೈ ಕಟ್ಟಿಕೊಂಡು, ಜಮೀಲಾಬಿಯ ಪಕ್ಕದಲ್ಲಿ ಚಾಪೆಯ ಮೇಲೆ ಕೂತರು.

"ಜಮೀಲಕ್ಕ ಹೇಳಿದಂಗೇ ರೀ," ಎಂದರು. "ಹುಡುಗ ಈ ಮನೆಗೇ ಬರ್ಲಿ."